ಎಲ್ ಫಾಶರ್ ಕಂಡು ಬಂದ ಹಕ್ಕಿಪಿಕ್ಕಿ ಬಂಧುಗಳಿಗೆ ಬಹಿರಂಗ ಪತ್ರ

ಹುಣಸೂರಿನ ಪಕ್ಷಿರಾಜಪುರ, ಬೇಲೂರಿನ ಅಂಗಡಿಹಳ್ಳಿ, ಚನ್ನಗಿರಿ, ಶಿವಮೊಗ್ಗ ಕಡೆಯಿಂದ ಸುಡಾನಿಗೆ ದುಡಿಯಲು ಹೋಗಿ 2023ರಲ್ಲಿ ಮರಳಿ ಬಂದ ಅಣ್ಣಂದಿರೆ, ಅಕ್ಕಂದಿರೆ,



ನಿಮ್ಮಲ್ಲಿ ಕೆಲವರು ಬಾಡಿಗೆ ಮನೆ ಹಿಡಿದು ಬಾಳಿದ, ಸುಡಾನಿನ ದಾರ್ಫುರ್ ಸೀಮೆಯ ಎಲ್ ಫಾಶರ್ 2025ರ ಅಕ್ಟೋಬರ್ 26ರಂದು ಮುತ್ತಿಗೆ ಹಾಕಿದವರ ಕೈಗೆ ಬಿತ್ತು. ಆ ಸುದ್ದಿ ನನಗಿಂತ ಮೊದಲೇ ನಿಮಗೆ ಮುಟ್ಟಿರಬೇಕು. ಅಲ್ಲಿ ನಿಮಗೆ ಮನೆ ಕೊಟ್ಟವರಿದ್ದರು, ಪಕ್ಕದ ಅಂಗಡಿಯವರಿದ್ದರು, ತಲೆಗೂದಲಿಗೆ ಎಣ್ಣೆ ಕೇಳಿಕೊಂಡು ಬರುವ ಗಿರಾಕಿಗಳಿದ್ದರು. ಕರ್ನಾಟಕದ ಉಳಿದ ನಮಗೆ ಅದು ಟಿವಿಯಲ್ಲಿ ಎರಡು ದಿನ ಕಂಡು ಮರೆಯಾದ ಹೆಸರು. ಸಂತೆ ಯಾವ ದಿಕ್ಕಿಗೆ ಕೂಡುತ್ತಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಸಂಜೆ ಗಂಡಸರು ಎಲ್ಲಿ ಚಹಾ ಕುಡಿಯುತ್ತಿದ್ದರು ಎಂದು ಕನ್ನಡದಲ್ಲಿ ಹೇಳಬಲ್ಲವರು ಯಾರಾದರೂ ಇದ್ದರೆ ಅದು ನೀವು. ಅದನ್ನು ಹೇಳಿ, ಬರೆಸಿ ಎಂದು ಕೇಳಿಕೊಳ್ಳಲು ಈ ಪತ್ರ. ಹೊರಗೆ ಎಲ್ಲರೆದುರು ಬರೆಯುತ್ತಿರುವುದಕ್ಕೆ ಕಾರಣವುಂಟು. ಹೇಳುವ ಕೆಲಸ ನಿಮ್ಮದಾದರೆ ಕೇಳುವ ಹೊಣೆ ಉಳಿದ ನಮ್ಮೆಲ್ಲರದು. ಅದೂ ಎಲ್ಲರ ಕಿವಿಗೆ ಬೀಳಲಿ.

ನಾನು ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯವನು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಊರೆಂದು ನಮ್ಮೂರಿನ ಹೆಸರನ್ನು ನೀವು ಕೇಳಿರಬಹುದು. ನಮ್ಮದು ಬಿಳಿಜೋಳ, ದ್ರಾಕ್ಷಿ, ಬರಗಾಲಗಳ ಸೀಮೆ. ಕಾಲುವೆ ನೀರು ಬರುವ ಮೊದಲು ಗುಳೆ ಹೋಗುವುದು ಇಲ್ಲಿ ಪಂಚಾಂಗದಲ್ಲಿ ಬರೆದಿಟ್ಟಷ್ಟೇ ಖಚಿತವಾಗಿತ್ತು. ಪುಣೆ, ಗೋವಾ, ರತ್ನಾಗಿರಿ ಎಂದು ತಾಂಡಾಗಳಿಗೆ ತಾಂಡಾಗಳೇ ಬೀಗ ಹಾಕಿಕೊಂಡು ಹೋಗುತ್ತಿದ್ದವು. ಆದ್ದರಿಂದ ‘ಅಷ್ಟು ದೂರ ಯಾಕೆ ಹೋಗಿದ್ದಿರಿ?’ ಎಂಬ ಪ್ರಶ್ನೆ ನನ್ನ ಬಾಯಿಂದ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕುಲಕಸುಬು ಅಪರಾಧವಾಯಿತು. ಗಿಡಮೂಲಿಕೆಯ ತಿಳಿವಳಿಕೆಯೊಂದೇ ಕೈಯಲ್ಲಿ ಉಳಿಯಿತು. ಅದನ್ನೇ ಎಣ್ಣೆಯಾಗಿ, ಮಾಲೀಸಾಗಿ ಮಾಡಿಕೊಂಡು, ಪಾಸ್‌ಪೋರ್ಟ್ ಮಾಡಿಸಿ ಆಫ್ರಿಕಾದ ಊರೂರು ಸುತ್ತಿದಿರಿ. ಸಾಲ ಮಾಡಿ ಸರಕು ಒಯ್ದವರೂ ನಿಮ್ಮಲ್ಲಿದ್ದರು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

2023ರ ಏಪ್ರಿಲ್ 15, ರಂಜಾನ್ ತಿಂಗಳು. ಸುಡಾನಿನಲ್ಲಿ ಎರಡು ಸೈನ್ಯಗಳು ಒಂದರ ಮೇಲೊಂದು ಬಿದ್ದವು. ಒಂದು, ಜನರಲ್ ಅಬ್ದುಲ್ ಫತಾಹ್ ಅಲ್ ಬುರ್ಹಾನ್ ಕೈಕೆಳಗಿನ ಸರ್ಕಾರಿ ಸೇನೆ. ಇನ್ನೊಂದು, ಹೆಮೆದ್ತಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊನ ಅರೆಸೇನಾ ಪಡೆ ಆರ್‌ಎಸ್‌ಎಫ್. ಮೂರು ದಿನಕ್ಕೆ ನಿಮ್ಮ ವಿಷಯ ಇಲ್ಲಿ ದೊಡ್ಡ ಸುದ್ದಿಯಾಯಿತು. ಹಕ್ಕಿಪಿಕ್ಕಿ ಸಮುದಾಯದ 31 ಜನ ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ಇದರಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿಯೇ ಉತ್ತರಿಸಿದರು. ಮೇ 10ಕ್ಕೆ ವಿಧಾನಸಭೆ ಚುನಾವಣೆಯಿತ್ತು. ಎಲ್ ಫಾಶರಿನ ಮನೆಗಳೊಳಗೆ ಗುಂಡಿನ ಸದ್ದಿಗೆ ನೀವು ನೆಲಕ್ಕೆ ಮೈ ಚೆಲ್ಲಿ ಮಲಗಿದ್ದಾಗ ಇಲ್ಲಿ ಯಾರು ಯಾರಿಗೆ ಏನೆಂದರು ಎಂಬ ಚರ್ಚೆ ನಡೆಯುತ್ತಿತ್ತು.

ನೀವು ಬದುಕಿ ಬಂದಿರಿ. ಆಪರೇಷನ್ ಕಾವೇರಿ ಎಂಬ ಹೆಸರಿನಲ್ಲಿ ನೌಕಾಪಡೆಯ ಹಡಗುಗಳು, ವಾಯುಪಡೆಯ ವಿಮಾನಗಳು ಸುಡಾನಿನಿಂದ ಒಟ್ಟು 3,862 ಭಾರತೀಯರನ್ನು ಕರೆತಂದವು. ಏಪ್ರಿಲ್ 28ರಂದು ಜೆಡ್ಡಾದಿಂದ ಬೆಂಗಳೂರಿಗೆ ಇಳಿದ 362 ಜನರಲ್ಲಿ ಬಹಳಷ್ಟು ಮಂದಿ ನಿಮ್ಮವರು. ಮೇ ಮೊದಲ ವಾರ ಶಿವಮೊಗ್ಗದಲ್ಲಿ ಪ್ರಧಾನಿಯೇ ನಿಮ್ಮಲ್ಲಿ ಕೆಲವರನ್ನು ಭೇಟಿಯಾದರು. ಸರ್ಕಾರ ಮಾಡಬೇಕಾದ ಕೆಲಸ ಮಾಡಿತು, ಅದು ಒಳ್ಳೆಯದೇ ಆಯಿತು. ನನ್ನ ತಕರಾರು ಅದಕ್ಕಲ್ಲ, ಆಮೇಲಿನ ಮೌನಕ್ಕೆ. ವಿಮಾನ ಇಳಿದ ಕೂಡಲೇ ನಮ್ಮ ಮಟ್ಟಿಗೆ ಕತೆ ಮುಗಿಯಿತು. ‘ಹೇಗೆ ಬಂದಿರಿ?’ ಎಂದು ಎಲ್ಲರೂ ಕೇಳಿದರು. ‘ಎಲ್ಲಿಂದ ಬಂದಿರಿ? ಅಲ್ಲಿ ಯಾರನ್ನು ಬಿಟ್ಟುಬಂದಿರಿ?’ ಎಂದು ಕೇಳಿದವರು ಕಡಿಮೆ.

ನೀವು ಬಿಟ್ಟುಬಂದ ಮೇಲೆ ಆ ಊರಿಗೆ ಏನಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ನಿಮಗೆ ತಿಳಿದಿದ್ದರೂ, ಈ ಪತ್ರ ಓದುವ ಉಳಿದವರಿಗೆ ತಿಳಿದಿರಲಿ.

ಎಲ್ ಫಾಶರ್ ಸಾಮಾನ್ಯ ಊರಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ದಾರ್ಫುರ್ ಸುಲ್ತಾನರ ರಾಜಧಾನಿ. ಕೊನೆಯ ಸುಲ್ತಾನ ಅಲಿ ದಿನಾರ್ 1916ರಲ್ಲಿ ಬ್ರಿಟಿಷರ ಪಡೆಗೆ ಬಲಿಯಾದ. 2003ರಲ್ಲಿ ದಾರ್ಫುರ್ ಹೊತ್ತಿ ಉರಿದಾಗ ಜಂಜಾವೀದ್ ಎಂಬ ಸವಾರರ ಪಡೆಗಳು ಹಳ್ಳಿಗಳನ್ನು ಸುಟ್ಟವು. ತಪ್ಪಿಸಿಕೊಂಡವರು ಈ ಊರಿನ ಸುತ್ತ ಝಮ್‌ಝಮ್, ಅಬು ಶೌಕ್ ಎಂಬ ಶಿಬಿರಗಳಲ್ಲಿ ಬೀಡುಬಿಟ್ಟರು. ಆ ಜಂಜಾವೀದ್‌ಗಳೇ ಮುಂದೆ 2013ರಲ್ಲಿ ಸಮವಸ್ತ್ರ, ಸಂಬಳ ಪಡೆದು ಆರ್‌ಎಸ್‌ಎಫ್ ಆದರು. ಜನ ಬೀದಿಗಿಳಿದು 2019ರಲ್ಲಿ ಒಮರ್ ಅಲ್ ಬಶೀರನ ಮೂವತ್ತು ವರ್ಷದ ಆಳ್ವಿಕೆಯನ್ನು ಕೊನೆಗಾಣಿಸಿದರು. ಅವರ ಕೈಗೆ ಬಂದಿದ್ದ ಅಧಿಕಾರವನ್ನು 2021ರ ಅಕ್ಟೋಬರಿನಲ್ಲಿ ಬುರ್ಹಾನ್, ಹೆಮೆದ್ತಿ ಇಬ್ಬರೂ ಸೇರಿ ಕಿತ್ತುಕೊಂಡರು. ಹೆಮೆದ್ತಿಯ ಪಡೆ ಸೇನೆಯೊಳಗೆ ಎಷ್ಟು ವರ್ಷದಲ್ಲಿ ಸೇರಬೇಕು, ಯಾರ ಕೈಕೆಳಗೆ ಇರಬೇಕು ಎಂಬ ಜಗಳವೇ ನೀವು ಕಂಡ ಯುದ್ಧವಾಯಿತು.

ಇದು ಇಬ್ಬರ ಜಗಳವಾಗಿ ಉಳಿಯಲಿಲ್ಲ. ದಾರ್ಫುರಿನಲ್ಲಿ ಮೊದಲೇ ಬಂದೂಕು ಹಿಡಿದ ಗುಂಪುಗಳಿದ್ದವು. ಮಿನ್ನಿ ಮಿನ್ನಾವಿ, ಜಿಬ್ರೀಲ್ ಇಬ್ರಾಹಿಂ ಅವರ ಪಡೆಗಳು ಕೆಲವು ತಿಂಗಳು ತಟಸ್ಥವಾಗಿದ್ದು, 2023ರ ನವೆಂಬರಿನಲ್ಲಿ ಸೇನೆಯ ಪಕ್ಕಕ್ಕೆ ನಿಂತವು. ಅಬ್ದುಲ್ ವಾಹಿದ್ ನೂರ್ ಬಣ ಜೆಬಲ್ ಮರ್ರಾ ಬೆಟ್ಟಸಾಲು ಹಿಡಿದುಕೊಂಡು ಬೇರೆಯೇ ಉಳಿಯಿತು. ದಕ್ಷಿಣ ಕೊರ್ದೊಫಾನಿನ ಅಬ್ದುಲ್ ಅಜೀಜ್ ಅಲ್ ಹಿಲು 2025ರ ಫೆಬ್ರುವರಿಯಲ್ಲಿ ಆರ್‌ಎಸ್‌ಎಫ್ ಜೊತೆ ಕೈಜೋಡಿಸಿದ. ಹೊರಗಿನವರ ಕೈವಾಡ ಬೇರೆ. ಸೇನೆಯ ಬೆನ್ನಿಗೆ ಈಜಿಪ್ಟ್. ಆರ್‌ಎಸ್‌ಎಫ್‌ಗೆ ಆಯುಧ ಕೊಟ್ಟ ಆರೋಪ ಸಂಯುಕ್ತ ಅರಬ್ ಸಂಸ್ಥಾನದ ಮೇಲೆ. ಆ ದೇಶ ಅದನ್ನು ಅಲ್ಲಗಳೆಯುತ್ತದೆ. ಒಬ್ಬನ ಶತ್ರು ಮತ್ತೊಬ್ಬನ ಮಿತ್ರನಾಗುವ ಈ ಲೆಕ್ಕದಲ್ಲಿ ಸಂತೆಗೆ ಬಂದ ಹೆಂಗಸು ಯಾರ ಪಕ್ಷ ಎಂದು ಯಾರೂ ಕೇಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಉತ್ತರ ದಾರ್ಫುರಿನ ಕಬ್ಕಾಬಿಯಾ ಸಂತೆಯ ಮೇಲೆ ಬಾಂಬು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಬಾಂಬು ಹಾಕಿದ್ದು ಸರ್ಕಾರಿ ಸೇನೆಯ ವಿಮಾನ.

ದಾರ್ಫುರಿನ ಐದು ರಾಜ್ಯಗಳ ರಾಜಧಾನಿಗಳಲ್ಲಿ ನಾಲ್ಕು 2023ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಒಂದರ ಹಿಂದೊಂದು ಆರ್‌ಎಸ್‌ಎಫ್ ಕೈಗೆ ಹೋದವು. ಉಳಿದದ್ದು ಎಲ್ ಫಾಶರ್ ಒಂದೇ. 2024ರ ಏಪ್ರಿಲಿನಲ್ಲಿ ಉತ್ತರದ ಮೆಲ್ಲಿತ್ ಬಿದ್ದಾಗ ಸರಕು ಬರುವ ದಾರಿ ಕಟ್ಟಾಯಿತು. ಮೇ 10ರಿಂದ ದೊಡ್ಡ ದಾಳಿ ಶುರುವಾಯಿತು. ಜೂನ್ 13ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುತ್ತಿಗೆ ನಿಲ್ಲಿಸಿ ಎಂದು 2736ನೆಯ ನಿರ್ಣಯ ಮಾಡಿತು. ಹದಿನಾಲ್ಕು ದೇಶಗಳು ಪರ, ರಷ್ಯಾ ತಟಸ್ಥ, ವಿರೋಧ ಯಾರೂ ಇಲ್ಲ. ಮುತ್ತಿಗೆ ನಿಲ್ಲಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಎಂದು ತಜ್ಞರು ಸಾರಿದರು. 2025ರ ಜನವರಿಯಲ್ಲಿ ಸೌದಿ ಆಸ್ಪತ್ರೆಯ ಮೇಲೆ ಡ್ರೋನ್ ಬಿದ್ದು ಸುಮಾರು 70 ಜನ ಸತ್ತರು. ಏಪ್ರಿಲಿನಲ್ಲಿ ಆರ್‌ಎಸ್‌ಎಫ್‌ನವರು ಝಮ್‌ಝಮ್ ಶಿಬಿರಕ್ಕೇ ನುಗ್ಗಿದರು. ನೂರಾರು ಜನ ಸತ್ತು, ಲಕ್ಷಗಟ್ಟಲೆ ಜನ ಎರಡನೆಯ ಸಲ, ಮೂರನೆಯ ಸಲ ಗಂಟುಮೂಟೆ ಕಟ್ಟಿದರು. ಸೆಪ್ಟೆಂಬರಿನಲ್ಲಿ ಬೆಳಗಿನ ನಮಾಜಿನ ಹೊತ್ತಿಗೆ ಮಸೀದಿಯ ಮೇಲೆ ಡ್ರೋನ್ ದಾಳಿ; ಎಪ್ಪತ್ತಕ್ಕೂ ಹೆಚ್ಚು ಸಾವು. ಅಕ್ಟೋಬರ್ 26ಕ್ಕೆ ಸೇನೆಯ ಆರನೆಯ ಡಿವಿಷನ್ ನೆಲೆ ಬಿತ್ತು. ಎರಡು ದಿನದ ಮೇಲೆ ಅದೇ ಸೌದಿ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಇದನ್ನೆಲ್ಲ ಓದುವಾಗ ನಮ್ಮ ಜಿಲ್ಲೆಯವನಿಗೆ ಒಂದು ಸಂಗತಿ ಥಟ್ಟನೆ ಹೊಳೆಯುತ್ತದೆ. 2024ರ ಮೇಯಿಂದ 2025ರ ಅಕ್ಟೋಬರಿನ ತನಕ, ಹದಿನೇಳು–ಹದಿನೆಂಟು ತಿಂಗಳು ಎಲ್ ಫಾಶರಿಗೆ ಮುತ್ತಿಗೆ. 1685ರ ಏಪ್ರಿಲಿನಿಂದ 1686ರ ಸೆಪ್ಟೆಂಬರ್ 12ರ ತನಕ, ಹೆಚ್ಚುಕಡಿಮೆ ಅಷ್ಟೇ ತಿಂಗಳು ವಿಜಯಪುರಕ್ಕೆ ಔರಂಗಜೇಬನ ಮುತ್ತಿಗೆ. ಅದೂ ಸುಲ್ತಾನರ ರಾಜಧಾನಿ, ಇದೂ ಸುಲ್ತಾನರ ರಾಜಧಾನಿ. ಮುತ್ತಿಗೆಗೆ ಮೊದಲಿನ ಒಳಜಗಳವೂ ಅಂಥದ್ದೇ. ವಿಜಯಪುರದ ಪಟ್ಟದ ಮೇಲಿದ್ದ ಸಿಕಂದರ್ ಆದಿಲ್ ಶಾ ಇನ್ನೂ ಹುಡುಗ. ಸುತ್ತ ಅಫ್ಘಾನರ ಬಣ, ದಖನಿಗಳ ಬಣ. ಆಫ್ರಿಕಾ ಮೂಲದ ಸಿದ್ದಿ ಮಸೂದ್ ಕೆಲಕಾಲ ರಾಜ್ಯಭಾರ ನಡೆಸಿ, ಬೇಸತ್ತು ಆದೋನಿಗೆ ಹೊರಟುಹೋದ. ಹೊರಗಿನಿಂದ ಮರಾಠರು, ಗೋಲ್ಕೊಂಡದವರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ನಗರ ಬಿದ್ದಾಗ ಸಿಕಂದರನಿಗೆ ಹದಿನೆಂಟು ವರ್ಷ. ಸೆರೆಯಲ್ಲಿಯೇ 1700ರಲ್ಲಿ ತೀರಿಕೊಂಡ.

ಇಷ್ಟೆಲ್ಲ ನಮಗೆ ಹೇಗೆ ಗೊತ್ತು? ಅರಮನೆಯ ಬರೆಹಗಾರರು, ಪಾಳೆಯದ ಬರೆಹಗಾರರು ಬರೆದಿಟ್ಟರು. ಮುತ್ತಿಗೆ ಹಾಕಿದವರ ಪಾಳೆಯದಲ್ಲಿ ಕಾಳು ತೀರಿದ್ದು, ಅದನ್ನು ಮುಟ್ಟಿಸಿದ ಸರದಾರ ಯಾರೆಂಬುದು ದಾಖಲೆಯಲ್ಲಿದೆ. ಷೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇವತ್ತಿಗೂ ಕೂತಿದೆ. ಐವತ್ತು ಟನ್ನಿಗೂ ಮಿಕ್ಕಿದ ಭಾರ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಎರಕ ಹೊಯ್ದವನ ಹೆಸರು ಅದರ ಮೈಮೇಲಿದೆ. ನಗರ ಗೆದ್ದ ಮೇಲೆ ಔರಂಗಜೇಬ ಕೆತ್ತಿಸಿದ ವಿಜಯಲೇಖವೂ ಅದರ ಮೈಮೇಲಿದೆ. ಗೋಡೆಯೊಳಗೆ ಹದಿನೇಳು ತಿಂಗಳು ಕೂತವರ ಮಾತು ಮಾತ್ರ ಅಲ್ಲಿಲ್ಲ. ಹಗೇವಿನ ಜೋಳ ಎಷ್ಟು ದಿನ ಬಂತು? ನೇಕಾರನ ಮನೆಯಲ್ಲಿ ಏನು ಬೇಯಿಸಿದರು? ಬಾಣಂತಿಗೆ ಏನು ಕೊಟ್ಟರು? ರಾತ್ರಿ ಅಗಳು ದಾಟಿ ಓಡಿಹೋದವರು ನಮ್ಮ ಹಳ್ಳಿಗಳಿಗೂ ಬಂದಿರಬೇಕು. ಯಾರ ಮನೆಯ ಕದ ತಟ್ಟಿದರು? ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಏಳು ಸಲ ಮರುದನಿ ಬರುತ್ತದೆ ಎಂದು ಪ್ರವಾಸಿಗರಿಗೆ ಹೇಳುತ್ತೇವೆ. ಆ ಮುತ್ತಿಗೆಯ ಜನರ ಒಂದು ಉಸಿರಿಗೂ ಮರುದನಿಯಿಲ್ಲ.

ಇದೇ ನನ್ನ ಚಿಂತೆ. ಊರು ಬಿದ್ದ ಮೇಲೆ ಗೆದ್ದವನ ಬರಹವಷ್ಟೇ ಉಳಿಯುತ್ತದೆ. ಔರಂಗಜೇಬ ತೋಪಿನ ಮೇಲೆ ಬರೆಸಿದ. ಎಲ್ ಫಾಶರಿಗೆ ನುಗ್ಗಿದವರು ಮೊಬೈಲಿನಲ್ಲಿ ಬರೆದುಕೊಂಡರು. ತಾವು ಕೊಲ್ಲುವುದನ್ನು ತಾವೇ ವಿಡಿಯೊ ಮಾಡಿ, ನಗುತ್ತ ಊರಿಗೆಲ್ಲ ಹಂಚಿದರು. ಅವು ನಮ್ಮ ಹಳ್ಳಿಗಳ ವಾಟ್ಸಾಪ್ ಗುಂಪುಗಳಿಗೂ ಬಂದವು. ಕೊಂದವನ ಮುಖ ನಮಗೆ ಗೊತ್ತು, ಸತ್ತವನು ನಿನ್ನೆಯವರೆಗೆ ಏನು ಮಾಡಿಕೊಂಡಿದ್ದ ಎಂಬುದು ಗೊತ್ತಿಲ್ಲ. ಇನ್ನೊಂದು ಕಡೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹದ ಚಿತ್ರ ನೋಡಿ, ಊರಿನ ಸುತ್ತ ಆರ್‌ಎಸ್‌ಎಫ್ ಎಬ್ಬಿಸಿದ ಮಣ್ಣಿನ ಒಡ್ಡನ್ನು ಅಳೆದರು. ಅದು ಬೆಳೆಯುತ್ತ ಬೆಳೆಯುತ್ತ ಐವತ್ತು ಕಿಲೊಮೀಟರ್ ದಾಟಿತು. ನಮ್ಮ ವಿಜಯಪುರದ ಕೋಟೆಗೋಡೆಯ ಸುತ್ತಳತೆ ಹತ್ತು ಕಿಲೊಮೀಟರ್ ಆಸುಪಾಸು. ಈ ಗೋಡೆ ಕಟ್ಟಿದ್ದು ಹೊರಗಿನ ಶತ್ರು ಒಳಗೆ ಬಾರದಿರಲಿ ಎಂದು. ಆ ಒಡ್ಡು ಕಟ್ಟಿದ್ದು ಒಳಗಿನ ಜನ ಹೊರಗೆ ಹೋಗದಿರಲಿ ಎಂದು. ಉಪಗ್ರಹಕ್ಕೆ ಒಡ್ಡು ಕಾಣುತ್ತದೆ, ಸುಟ್ಟ ಸೂರು ಕಾಣುತ್ತದೆ, ಹೊಸ ಗೋರಿಗಳ ಸಾಲು ಕಾಣುತ್ತದೆ. ಸೂರಿನ ಕೆಳಗೆ ಇದ್ದವರು ಹೇಗಿದ್ದರು ಎಂಬುದು ಆಕಾಶದಿಂದ ಕಾಣುವುದಿಲ್ಲ. ಅದನ್ನು ಕಂಡವರು ನೀವು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಎರಡು ಸೀಮೆಗಳ ಊಟದ ಬುಡ ಒಂದೇ. ಜೋಳವನ್ನು ಮನುಷ್ಯ ಮೊದಲು ಪಳಗಿಸಿದ ಕುರುಹು ಸಿಕ್ಕಿರುವುದು ಪೂರ್ವ ಸುಡಾನಿನಲ್ಲಿ, ಸುಮಾರು ಐದು ಸಾವಿರ ವರ್ಷದ ಹಿಂದಿನದು. ಅಲ್ಲಿಂದ ಕಡಲು ದಾಟಿ ಬಂದ ಕಾಳು ನಮ್ಮ ಡೋಣಿ ಹೊಳೆಸಾಲಿನ ಎರೆಮಣ್ಣಿನಲ್ಲಿ ಬಿಳಿಜೋಳವಾಯಿತು. ದಾರ್ಫುರಿನವರು ಹೆಚ್ಚಾಗಿ ಉಣ್ಣುವುದು ಸಜ್ಜೆ. ಅದರ ಹಿಟ್ಟನ್ನು ಕುದಿಸಿ ಮುದ್ದೆಯಂತೆ ಮಾಡಿ ಸಾರಿನ ಜೊತೆ ಉಣ್ಣುತ್ತಾರೆ, ಅದಕ್ಕೆ ಅಸೀದಾ ಎನ್ನುತ್ತಾರೆ. ಮುತ್ತಿಗೆ ಬಿಗಿಯಾದಂತೆ ಸಜ್ಜೆ ಹೋಯಿತು, ಜೋಳ ಹೋಯಿತು. ಓಣಿ ಓಣಿಯ ಹುಡುಗರು, ಹೆಂಗಸರು ಸೇರಿ ನಡೆಸುತ್ತಿದ್ದ ಸಾಮೂಹಿಕ ಅಡುಗೆಮನೆಗಳು ಒಂದೊಂದೇ ಒಲೆ ಆರಿಸಿದವು. ಕೊನೆಗೆ ಜನ ತಿಂದದ್ದು ಶೇಂಗಾ ಗಾಣದ ಹಿಂಡಿ, ನಮ್ಮೂರಲ್ಲಿ ಎಮ್ಮೆಗೆ ನೆನೆಸಿ ಇಡುವ ಹಿಂಡಿ. ಬೂಸ್ಟು ಹಿಡಿದ ಹಿಂಡಿ ತಿಂದು ಸತ್ತವರ ವರದಿಗಳೂ ಬಂದವು. ಕಡೆಕಡೆಗೆ ಅದೂ ಸಿಗದಾಯಿತು. ಊರು ಬಿದ್ದ ಎಂಟನೆಯ ದಿನಕ್ಕೆ, ನವೆಂಬರ್ 3ರಂದು, ಅಲ್ಲಿ ಕ್ಷಾಮವಿದೆ ಎಂದು ಜಗತ್ತಿಗೆ ಅಧಿಕೃತವಾಗಿ ತಿಳಿಸಲಾಯಿತು. ಅಂಥ ಊರಿನಲ್ಲಿ ಮುತ್ತಿಗೆಗೆ ಮೊದಲು ಅಸೀದಾ ಎಷ್ಟಕ್ಕೆ ಸಿಗುತ್ತಿತ್ತು, ಹಬ್ಬಕ್ಕೆ ಪಕ್ಕದ ಮನೆಯವರು ನಿಮಗೆ ಏನು ಕಳಿಸುತ್ತಿದ್ದರು, ಶೇಂಗಾ ಎಷ್ಟು ಅಗ್ಗವಾಗಿತ್ತು ಎಂದು ನೀವು ಹೇಳಿದರೆ ಸಾಕು. ಕಳೆದುಹೋದದ್ದು ಏನೆಂದು ತಿಳಿಯಬೇಕಾದರೆ ಮೊದಲು ಇದ್ದದ್ದು ಏನೆಂದು ತಿಳಿಯಬೇಕಲ್ಲ.

ನೀವು ಹೇಳಬಹುದಾದ ಮಾತುಗಳನ್ನು ನಾನು ಊಹಿಸಬಲ್ಲೆ.

‘ನಾವು ಎಣ್ಣೆ ಮಾರಲು ಹೋದವರು. ಓದು ಬರಹ ಅಷ್ಟಕ್ಕಷ್ಟೆ. ನಾವೇನು ಇತಿಹಾಸ ಬರೆಯುವುದು?’ ಎನ್ನಬಹುದು. ಮುತ್ತಿಗೆಯ ವಿಜಯಪುರದಲ್ಲಿ ಇದ್ದ ನೇಕಾರನೂ, ಕುಂಬಾರನೂ ಹಾಗೆಯೇ ಅಂದುಕೊಂಡಿರಬೇಕು. ಆದ್ದರಿಂದಲೇ ಇವತ್ತು ನಮಗೆ ಸರದಾರರ ಕತೆ ಬಿಟ್ಟು ಬೇರೆ ಇಲ್ಲ. ಇನ್ನು ಊರು ಬಲ್ಲವರು ಎಂದರೆ ಯಾರು? ರಾಯಭಾರಿ ಕಚೇರಿಯಲ್ಲಿ ಕೂತವನಿಗೆ ಊರು ಕಡತದಲ್ಲಿ ಗೊತ್ತು. ಮನೆ ಮನೆಯ ಬಾಗಿಲಿಗೆ ಹೋಗಿ ವ್ಯಾಪಾರ ಮಾಡಿದವರಿಗೆ ಊರು ಕಾಲಿನಲ್ಲಿ ಗೊತ್ತು. ಯಾವ ಓಣಿಯವರು ಉದ್ರಿ ಕೇಳುತ್ತಿದ್ದರು, ಯಾವ ಓಣಿಯವರು ಕೂಡಿಸಿ ನೀರು ಕೊಡುತ್ತಿದ್ದರು ಎಂಬುದು ನಿಮಗೆ ಗೊತ್ತಿದ್ದಷ್ಟು ಯಾವ ಪತ್ರಕರ್ತನಿಗೂ ಗೊತ್ತಿರುವುದಿಲ್ಲ.

‘ನಾವು ನೋಡಿದ್ದು ಮೊದಲ ಕೆಲವು ದಿನ ಮಾತ್ರ, ಕೊಲೆ ನಡೆದಾಗ ನಾವಲ್ಲಿ ಇರಲಿಲ್ಲ’ ಎನ್ನಬಹುದು. ನಿಜ. ಆ ಸಾಕ್ಷಿ ಹೇಳಬೇಕಾದವರು ಬೇರೆ ಇದ್ದಾರೆ. ಅರವತ್ತು ಕಿಲೊಮೀಟರ್ ನಡೆದು ತವೀಲಾ ಎಂಬ ಊರು ಸೇರಿದವರು ಅದನ್ನು ಹೇಳುತ್ತಲೂ ಇದ್ದಾರೆ. ನಿಮ್ಮಿಂದ ಬೇಕಾದದ್ದು ಕೊಲೆಯ ವರ್ಣನೆಯಲ್ಲ, ಬದುಕಿನ ವರ್ಣನೆ. ಯುದ್ಧದ ಮೊದಲ ದಿನಗಳೂ ಮುಖ್ಯವೇ. ಯಾವ ರಸ್ತೆಯಲ್ಲಿ ಯಾರ ತಪಾಸಣೆ ಇತ್ತು, ಹೊರಡಲು ಗಾಡಿ ಯಾರು ಕೊಟ್ಟರು, ಯಾರು ಹಣ ಕಿತ್ತರು, ಯಾರು ಹಣ ತೆಗೆದುಕೊಳ್ಳದೆ ದಾರಿ ತೋರಿಸಿದರು ಎಂಬುದೆಲ್ಲ ಆಗಿನ ಚಿತ್ರಕ್ಕೆ ಬೇಕು.

‘ಹೇಳಿದರೆ ಏನಾಗುತ್ತದೆ?’ ಎನ್ನಬಹುದು. ಇದಕ್ಕೆ ಒಂದು ಗಟ್ಟಿ ಉತ್ತರವಿದೆ. ಅಲಿ ಕುಶಯ್ಬ್ ಎಂದು ಹೆಸರಾದ ಜಂಜಾವೀದ್ ಮುಖಂಡನನ್ನು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2025ರ ಅಕ್ಟೋಬರ್ 6ರಂದು 27 ಅಪರಾಧಗಳಲ್ಲಿ ತಪ್ಪಿತಸ್ಥ ಎಂದು ಸಾರಿತು. ಡಿಸೆಂಬರಿನಲ್ಲಿ 20 ವರ್ಷದ ಶಿಕ್ಷೆ ಆಯಿತು. ಆ ಅಪರಾಧಗಳು ನಡೆದದ್ದು 2003–04ರಲ್ಲಿ. ಹಳ್ಳಿಯ ಹೆಂಗಸರು, ರೈತರು ಇಪ್ಪತ್ತು ವರ್ಷ ನೆನಪಿಟ್ಟುಕೊಂಡು ಹೇಳಿದ ಮಾತು ಅಲ್ಲಿ ನಿಂತಿತು. ತೀರ್ಪು ಬಂದ ಇಪ್ಪತ್ತೇ ದಿನಕ್ಕೆ ಎಲ್ ಫಾಶರ್ ಬಿತ್ತು ಎಂಬುದೂ ನಿಜ. ತೀರ್ಪು ಕೊಲೆ ತಡೆಯಲಿಲ್ಲ. ಆದರೆ ‘ಹಾಗೇನೂ ನಡೆದೇ ಇಲ್ಲ’ ಎಂದು ಹೇಳುವ ದಾರಿಯನ್ನು ಅದು ಮುಚ್ಚಿತು. ಮುಂದೊಂದು ದಿನ ಎಲ್ ಫಾಶರಿನ ಒಂದು ಓಣಿಯನ್ನು ತೋರಿಸಿ ‘ಇಲ್ಲಿ ಜನವಸತಿಯೇ ಇರಲಿಲ್ಲ, ಸೈನಿಕರ ಠಾಣೆಯಿತ್ತು’ ಎಂದು ಯಾರಾದರೂ ವಾದಿಸಿದರೆ, ‘ಇಲ್ಲ, ಅಲ್ಲಿ ಸಾಬೂನಿನ ಅಂಗಡಿಯಿತ್ತು, ನಾನು ಅಲ್ಲಿ ಮನೆ ಹಿಡಿದಿದ್ದೆ’ ಎನ್ನುವ ಒಂದು ಮಾತು, ಒಂದು ಫೋಟೊ ಸಣ್ಣದಾಗಿ ಕಾಣಬಹುದು. ಸುಳ್ಳು ನಿಲ್ಲುವುದು ಅಂಥ ಸಣ್ಣ ಮಾತಿನೆದುರಿಗೇ.

ನಮ್ಮೂರಿನ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ದೇಹವನ್ನು ಸುಡಿ, ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದರು. ಪದ್ಮಶ್ರೀ ಕೊಟ್ಟಾಗಲೂ ಬೇಡ ಎಂದವರು. ಆ ನಿರಾಕರಣೆಯ ದೊಡ್ಡತನವನ್ನು ನಾವು ಹಾಡಿ ಹೊಗಳುತ್ತೇವೆ. ಎಲ್ ಫಾಶರಿನ ಸುದ್ದಿ ಓದಿದ ಮೇಲೆ ನನಗೆ ಇನ್ನೊಂದು ಮಾತೂ ಹೊಳೆಯಿತು. ಸ್ಮಾರಕ ಬೇಡ ಎನ್ನಬೇಕಾದರೂ ನೆನೆಯುವ ಜನ ಇರಬೇಕು. ಅವರ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರೇ ಅವರ ನೆನಪನ್ನು ಹೊತ್ತಿದ್ದಾರೆ. ಮಣ್ಣಿನ ಒಡ್ಡಿನ ಒಳಗೆ ಸತ್ತ ಎಷ್ಟೋ ಜನರನ್ನು ಹೂಳುವವರೂ ಇರಲಿಲ್ಲ. ನೆನಪು ಬೇಡ ಎನ್ನುವ ಆಯ್ಕೆಯೇ ಅವರಿಗೆ ಸಿಗಲಿಲ್ಲ. ಅಂಥವರನ್ನು ಹತ್ತಿರದಿಂದ ಕಂಡವರು ನೆನೆಯದಿದ್ದರೆ ಮತ್ತೆ ಯಾರು ನೆನೆಯಬೇಕು?

ಹೇಗೆ ಹೇಳಬೇಕು ಎಂಬ ಬಗ್ಗೆ ನನಗೆ ತೋಚಿದ ನಾಲ್ಕು ಮಾತು.

ನಿಮ್ಮ ಮನೆಮಾತು ವಾಗ್ರಿಯಲ್ಲಿಯೇ ಹೇಳಿ. ಕನ್ನಡಕ್ಕೆ ಆಮೇಲೆ ತರಬಹುದು. ದುಃಖ, ಹೆದರಿಕೆ, ತಮಾಷೆ ಮೂರೂ ಮನೆಮಾತಿನಲ್ಲಿ ಬಂದಷ್ಟು ನಿಜವಾಗಿ ಬೇರೆ ಮಾತಿನಲ್ಲಿ ಬರುವುದಿಲ್ಲ. ಕ್ಯಾಮೆರಾ ಮುಂದೆ ಅಳಬೇಕಾಗಿಲ್ಲ, ವೀರರಂತೆ ಮಾತಾಡಬೇಕಾಗಿಯೂ ಇಲ್ಲ. ಅಲ್ಲಿಯ ವ್ಯಾಪಾರ, ಜಗಳ, ಮೋಸ, ನಗೆ ಎಲ್ಲವೂ ಬರಲಿ. ಎಲ್ ಫಾಶರಿನವರೆಲ್ಲ ಪುಣ್ಯವಂತರು ಎಂದೇನೂ ಹೇಳಬೇಡಿ. ನಿಮಗೆ ಟೋಪಿ ಹಾಕಿದವನ ಕತೆಯೂ ಇರಲಿ. ಕೆಟ್ಟವನೂ ಇರುವ ಊರೇ ನಿಜವಾದ ಊರು.

ಮೊಬೈಲಿನಲ್ಲಿ ಉಳಿದಿರುವ ಫೋಟೊ, ಧ್ವನಿ ಸಂದೇಶ, ಪಾಸ್‌ಪೋರ್ಟಿನ ಮುದ್ರೆ, ಮನೆ ಬಾಡಿಗೆಯ ಚೀಟಿ, ಹಳೆಯ ಸುಡಾನಿ ನೋಟು ಏನಿದ್ದರೂ ಎಸೆಯಬೇಡಿ. ಮೊಬೈಲ್ ಬದಲಿಸುವ ಮುಂಚೆ ಫೋಟೊಗಳನ್ನು ಬೇರೆ ಕಡೆ ಇಳಿಸಿಟ್ಟುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಅಲ್ಲಿಯವರ ಹೆಸರು, ಮುಖ, ಮನೆಯ ಗುರುತುಗಳನ್ನು ಫೇಸ್‌ಬುಕ್ಕಿನಲ್ಲಿ, ಯೂಟ್ಯೂಬಿನಲ್ಲಿ ಹಾಕಬೇಡಿ. ಅವರಲ್ಲಿ ಬದುಕಿ ಉಳಿದವರು ಇನ್ನೂ ಬಂದೂಕಿನ ನೆರಳಲ್ಲಿದ್ದಾರೆ. ನೀವು ಪ್ರೀತಿಯಿಂದ ಹೇಳಿದ ಹೆಸರು ಯಾರದೋ ಕೈಯಲ್ಲಿ ಪಟ್ಟಿಯಾಗಬಹುದು. ಹೆಸರು ಬೇರೆ ಕಡೆ ಭದ್ರವಾಗಿರಲಿ, ಕತೆ ಹೊರಗೆ ಬರಲಿ. ಕೊಂದವರು ಮಾಡಿದ ವಿಡಿಯೊಗಳನ್ನೂ ಮುಂದಕ್ಕೆ ಕಳಿಸಬೇಡಿ.

ಇನ್ನು ಕೇಳುವವರ ಪಾಲಿನ ಕೆಲಸ. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯಿದೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ನಮ್ಮ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹಕ್ಕಿಪಿಕ್ಕಿ ಹೆಂಗಸರು ಗಂಡಸರಷ್ಟೇ ವ್ಯಾಪಾರ ಮಾಡುವವರು; ಅವರ ಮಾತು ಕೇಳಲು ಹೆಣ್ಣುಮಕ್ಕಳೇ ಹೋದರೆ ಒಳ್ಳೆಯದು. ಈ ಸಂಸ್ಥೆಗಳು ನಿಮ್ಮನ್ನು ವೇದಿಕೆಗೆ ಕರೆಸಿ ಶಾಲು ಹೊದಿಸುವ ಬದಲು ನಿಮ್ಮ ಕಾಲೊನಿಗೆ ಬಂದು ಕೂರಲಿ. ಬುಡಕಟ್ಟು ಎಂದ ಕೂಡಲೇ ಮದುವೆ, ಕುಣಿತ, ಕುಲಪದ್ಧತಿಗಳನ್ನಷ್ಟೇ ಬರೆದುಕೊಂಡು ಹೋಗುವ ಚಾಳಿ ಬಿಟ್ಟು, ಜಗತ್ತು ಕಂಡವರು ಎಂದು ನಿಮ್ಮನ್ನು ಕೇಳಲಿ. ಆ ದಿನದ ದುಡಿಮೆ ತಪ್ಪಿದ್ದಕ್ಕೆ ಕೂಲಿ ಕೊಡಲಿ. ಧ್ವನಿಮುದ್ರಣದ ಒಂದು ಪ್ರತಿ ನಿಮ್ಮಲ್ಲಿಯೇ ಉಳಿಯಲಿ. ಏನು ಹೊರಗೆ ಬರಬೇಕು, ಏನು ಬೇಡ ಎಂಬ ತೀರ್ಮಾನ ನಿಮ್ಮದಿರಲಿ. 2023ರಲ್ಲಿ ನಿಮ್ಮ ಹೆಸರಿನಲ್ಲಿ ವಾದ ಮಾಡಿದ ಎರಡೂ ಪಕ್ಷದವರು ಈ ಕೆಲಸಕ್ಕೆ ಒಂದಿಷ್ಟು ಹಣ ಕೊಡಿಸಿದರೆ ಆಗಿನ ಕಾಳಜಿಗೆ ಈಗಲೂ ಬೆಲೆ ಬರುತ್ತದೆ. ಸರಕು ಕಳೆದುಕೊಂಡು, ಸಾಲ ಹೊತ್ತು ಬಂದವರಿಗೆ ಪರಿಹಾರ ಎಷ್ಟು ಸಿಕ್ಕಿತು ಎಂಬ ಲೆಕ್ಕವೂ ಅದೇ ದಾಖಲೆಯಲ್ಲಿ ಬರಲಿ.

ನಿಮ್ಮಲ್ಲಿ ಕೆಲವರು ಮತ್ತೆ ಆಫ್ರಿಕಾದ ದಾರಿ ಹಿಡಿದಿರಬಹುದು. ಹೊಟ್ಟೆಪಾಡು ಯುದ್ಧ ಮುಗಿಯಲಿ ಎಂದು ಕಾಯುವುದಿಲ್ಲ. ಹೋದವರು ಕ್ಷೇಮವಾಗಿರಲಿ. ಆದರೆ ಹೊರಡುವ ಮುಂಚೆ ಮನೆಯ ಮಕ್ಕಳನ್ನಾದರೂ ಒಂದು ಸಂಜೆ ಕೂಡಿಸಿಕೊಂಡು ಆ ಊರಿನ ಕತೆ ಹೇಳಿ. ಮಗಳೋ ಮೊಮ್ಮಗನೋ ಮೊಬೈಲಿನಲ್ಲಿ ಹಿಡಿದುಕೊಳ್ಳಲಿ. ವಿಶ್ವವಿದ್ಯಾಲಯದವರು ಬರುವ ತನಕ ಕಾಯಬೇಕಾಗಿಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ತೋಚದಿದ್ದರೆ ಮೊದಲ ಪ್ರಶ್ನೆಗಳನ್ನು ನಾನೇ ಕೇಳುತ್ತೇನೆ. ಎಲ್ ಫಾಶರಿನಲ್ಲಿ ನಿಮಗೆ ಮನೆ ಬಾಡಿಗೆ ಕೊಟ್ಟವರು ಏನು ಕೆಲಸ ಮಾಡುತ್ತಿದ್ದರು? ಅವರ ಮನೆಯಲ್ಲಿ ಮಕ್ಕಳೆಷ್ಟು? ನೀವು ಹೊರಟ ದಿನ ಅವರು ನಿಮಗೆ ಏನೆಂದರು? ಆಮೇಲೆ ಅವರ ಫೋನು ಯಾವ ತಿಂಗಳ ತನಕ ಹತ್ತುತ್ತಿತ್ತು? ಹೆಸರು ಬೇಡ. ಉಳಿದದ್ದನ್ನು ಹೇಳಿ, ಬರೆದುಕೊಳ್ಳಲು ಜನ ಸಿಗುತ್ತಾರೆ. ಸಿಗದಿದ್ದರೆ ಬಿಜ್ಜರಗಿಯಿಂದ ನಾವೇ ಬರುತ್ತೇವೆ.

ಇಂತಿ ನಿಮ್ಮವ,
ಬಿಜ್ಜರಗಿಯ ಒಬ್ಬ ರೈತ
ತಾ. ತಿಕೋಟಾ, ಜಿ. ವಿಜಯಪುರ